ಶಾಂತವ್ವನ ಸೈಕಲ್ಲಿಗೆ ನಾನು ಬಣ್ಣ ಬಳಿದದ್ದು

ಕೈಕೆಲಸ ಬಾರದವರಲ್ಲಿ ಎರಡು ಬಗೆ. ತಮಗೆ ಬರುವುದಿಲ್ಲವೆಂದು ಗೊತ್ತಿದ್ದು ತೆಪ್ಪಗೆ ಕೂರುವವರು ಒಂದು ಬಗೆ. ಅವರಿಂದ ಲೋಕಕ್ಕೆ ಯಾವ ಅಪಾಯವೂ ಇಲ್ಲ. ನಾನು ಇನ್ನೊಂದು ಬಗೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಮುಂಬೈ ಪಕ್ಕದ ಠಾಣೆ ಪಟ್ಟಣದ ಬ್ಯಾಂಕೊಂದರಲ್ಲಿ ಕುರ್ಚಿ ಸವೆಸುತ್ತಿರುವ ನನಗೆ ಗೋಡೆಗೆ ನೆಟ್ಟಗೆ ಒಂದು ಮೊಳೆ ಹೊಡೆಯಲು ಬಾರದು. ಆದರೆ ಮೊಬೈಲಿನಲ್ಲಿ ಯಾರಾದರೂ ಏನನ್ನಾದರೂ ರಿಪೇರಿ ಮಾಡುವುದನ್ನು ಹತ್ತು ನಿಮಿಷ ನೋಡಿದರೆ ಸಾಕು, ನನ್ನ ಬೆರಳುಗಳು ತುರಿಸತೊಡಗುತ್ತವೆ. ‘ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ’ ಎಂಬ ಗಾದೆಯನ್ನು ನನ್ನ ಹೆಂಡತಿ ಸುಮಾ ಮದುವೆಯಾದ ಹೊಸದರಲ್ಲಿ ತಮಾಷೆಗೆ ಹೇಳುತ್ತಿದ್ದಳು. ಈಗ ಎಚ್ಚರಿಕೆಯಾಗಿ ಹೇಳುತ್ತಾಳೆ.

ಡಾಕ್ಟರು ನನ್ನ ಹೊಟ್ಟೆಯನ್ನು ನೋಡಿ ಸೈಕಲ್ ತುಳಿಯಲು ಹೇಳಿದ್ದೇ ಎಲ್ಲಕ್ಕೂ ಮೂಲ. ಸೈಕಲ್ಲೇನೋ ಇತ್ತು. ಆರು ವರ್ಷದ ಹಿಂದೆ, ಇಂಥದೇ ಒಂದು ವೈರಾಗ್ಯದ ಗಳಿಗೆಯಲ್ಲಿ, ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡು ತಂದಿದ್ದೆ. ನಾಲ್ಕು ದಿನ ತುಳಿದು ನಮ್ಮ ಹೌಸಿಂಗ್ ಸೊಸೈಟಿಯ ಶೆಡ್ಡಿನಲ್ಲಿ ನಿಲ್ಲಿಸಿದವನು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ನಾವಿರುವುದು ಡೊಂಬಿವಲಿ ಎಂಐಡಿಸಿಯ, ಅಂದರೆ ಕಾರ್ಖಾನೆಗಳ ಬಡಾವಣೆಯ, ಮಗ್ಗುಲಲ್ಲಿ. ಇಲ್ಲಿ ಎರಡು ತಿಂಗಳು ಮುಟ್ಟದೆ ಬಿಟ್ಟ ಯಾವ ವಸ್ತುವಾದರೂ ತನ್ನ ಬಣ್ಣ ಬಿಟ್ಟು ಊರಿನ ಬಣ್ಣಕ್ಕೆ ತಿರುಗುತ್ತದೆ. ಶೆಡ್ಡಿನಲ್ಲಿ ಸಾಲಾಗಿ ನಿಂತ ಸೈಕಲ್ಲುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ನನ್ನದು ಬಾಗಿಲಿನಿಂದ ಮೂರನೆಯದೆಂದು ನನಗೆ ಖಾತ್ರಿಯಿತ್ತು. ಕೀಲಿ ಹಾಕಿದೆ, ತಿರುಗಲಿಲ್ಲ. ಆರು ವರ್ಷವಾಗಿದೆ, ಬೀಗ ತುಕ್ಕು ಹಿಡಿದಿದೆ ಎಂದುಕೊಂಡು ಕಲ್ಲಿನಿಂದ ಜಜ್ಜಿ ಮುರಿದೆ. ಬೀಗದಲ್ಲಿ ತುಕ್ಕೇ ಇಲ್ಲವಲ್ಲ ಎಂಬ ಸಣ್ಣ ಅನುಮಾನ ಬಂದದ್ದು ನಿಜ. ಅನುಮಾನಗಳಿಗೆ ಕಿವಿಗೊಡುವ ಸ್ವಭಾವ ನನಗಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಮೂರನೆಯ ಮಹಡಿಯ ನಮ್ಮ ಬಾಲ್ಕನಿಗೆ ಅದನ್ನು ಹೊತ್ತು ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಡುವಿನ ದಂಡದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಅಕ್ಷರಗಳು ಕಂಡವು. ಕನ್ನಡ! ‘ಶಾಂತವ್ವ’ ಎಂದಿತ್ತು. ನನಗೆ ರೋಮಾಂಚನವಾಯಿತು. ಕಲ್ಯಾಣದಲ್ಲಿ ಕೊಂಡ ಸೈಕಲ್ಲು, ಹಿಂದಿನ ಮಾಲೀಕರು ಕನ್ನಡದವರು! ಕೊಂಡಾಗ ಇದನ್ನು ಹೇಗೆ ಗಮನಿಸಲಿಲ್ಲವೋ ಎಂದು ಬೆರಗಾದೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಅಕ್ಷರಗಳು ಮಾತ್ರ ಒಂದು ಮೇಲೆ, ಒಂದು ಕೆಳಗೆ. ಫೋಟೋ ತೆಗೆದು, ‘ಯಾವುದೋ ಕೋಳಿ ಬಣ್ಣ ತುಳಿದು ನಡೆದು ಹೋಗಿದೆ, ನೋಡಿ ಆನಂದಿಸಿ’ ಎಂದು ಬರೆದು ನಮ್ಮ ಕುಟುಂಬದ ಗ್ರೂಪಿಗೆ ಹಾಕಿದೆ. ಹದಿನಾಲ್ಕು ಮಂದಿ ನಕ್ಕರು. ಆಮೇಲೆ ಪಾಲಿಶ್ ಪೇಪರ್ ಹಿಡಿದು ಕೋಳಿಯನ್ನೂ ಅದರ ಹೆಜ್ಜೆಯನ್ನೂ ಉಜ್ಜಿ ಹಾಕಿದೆ.

ಐದು ದಿನ ಸಂಜೆ ಉಜ್ಜಿದ್ದೇ ಉಜ್ಜಿದ್ದು. ಚಕ್ರಗಳು ಅಟ್ಟ ಸೇರಿದವು, ಬೋಲ್ಟುಗಳು ಸುಮಾಳ ಉಪ್ಪಿನಕಾಯಿ ಭರಣಿ ಸೇರಿದವು, ಕಪ್ಪು ಪುಡಿ ನಮ್ಮ ಚಪಾತಿ ಸೇರಿತು. ಪ್ರೈಮರ್ ಬಳಿದು, ಆರನೆಯ ದಿನ ಚೌಕಟ್ಟನ್ನು ಬಟ್ಟೆ ಒಣಗಿಸುವ ಕಂಬಿಗೆ ತೂಗುಹಾಕಿ ಕೆಂಪು ಸ್ಪ್ರೇ ಹೊಡೆದೆ. ವಾಸನೆ ಇಡೀ ಕಟ್ಟಡಕ್ಕೆ ಹಬ್ಬಿತು. ಬೇರೆ ಊರಾಗಿದ್ದರೆ ಜನ ಯಾರ ಮನೆಯಿಂದ ಬಂತೆಂದು ಹುಡುಕುತ್ತಿದ್ದರು. ನಮ್ಮಲ್ಲಿ ವಾಸನೆ ಬಂದರೆ ಎಲ್ಲರೂ ಕಾರ್ಖಾನೆಗಳ ಕಡೆಗೇ ತಿರುಗುತ್ತಾರೆ. ಅರ್ಧ ಗಂಟೆಯಲ್ಲಿ ಸೊಸೈಟಿಯ ಸೆಕ್ರೆಟರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ದೂರಿನ ಅರ್ಜಿ ಹಿಡಿದು ಬಂದರು. “ಪುನ್ಹಾ ಗ್ಯಾಸ್ ಸೋಡಲಾ ಬಘಾ!” ಎಂದರು. ಮತ್ತೆ ಗ್ಯಾಸ್ ಬಿಟ್ಟಿದ್ದಾರಂತೆ. ನಾನು ಕೆಂಪಾದ ಕೈಯನ್ನು ಬೆನ್ನ ಹಿಂದೆ ಅಡಗಿಸಿ, ಎಡಗೈಯಲ್ಲಿ ಸಹಿ ಹಾಕಿ, ಕಾರ್ಖಾನೆಯವರಿಗೆ ಮನುಷ್ಯತ್ವವೇ ಇಲ್ಲವೆಂದು ನಾಲ್ಕು ಮಾತೂ ಸೇರಿಸಿದೆ.

ಮರುದಿನ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ನಮ್ಮ ಇಸ್ತ್ರಿವಾಲಾ. ಹತ್ತು ವರ್ಷದಿಂದ ನಮ್ಮ ಬಟ್ಟೆ ಇಸ್ತ್ರಿ ಮಾಡುವವನು. ನಮ್ಮಿಬ್ಬರ ಹತ್ತು ವರ್ಷದ ಸಂಭಾಷಣೆಯನ್ನು ಒಟ್ಟು ಸೇರಿಸಿದರೆ “ಕಪಡಾ ಹೈ?” ಮತ್ತು “ಕಲ್ ಆನಾ” ಎಂಬ ಎರಡು ಮಾತುಗಳಾಗುತ್ತವೆ. ಅವನ ಹೆಸರೇನೆಂದು ನಾನು ಕೇಳಿದವನಲ್ಲ. ಎರಡು ತಿಂಗಳು ಊರಿಗೆ ಹೋಗಿದ್ದವನು ಹಿಂದಿನ ರಾತ್ರಿಯಷ್ಟೇ ಬಂದಿದ್ದ. ಮುಖ ಬಾಡಿತ್ತು.

“ಸಾಬ್, ಮೇರಾ ಸೈಕಲ್ ಚೋರಿ ಹೋ ಗಯಾ. ಸೆಕ್ರೆಟರಿ ಸಾಬ್‌ಕೋ ಪೂಛ್‌ಕೇ ಶೆಡ್ ಮೇ ರಖಾ ಥಾ. ತಾಲಾ ತೋಡ್‌ಕೇ ಲೇ ಗಯಾ ಕೋಯಿ.”

ಶೆಡ್ಡಿನಲ್ಲಿಟ್ಟ ಸೈಕಲ್ಲನ್ನು ಯಾರೋ ಬೀಗ ಒಡೆದು ಕದ್ದೊಯ್ದಿದ್ದಾರೆಂದು ಕೇಳಿ ನನಗೆ ನಾನು ಜಜ್ಜಿದ ಬೀಗ ನೆನಪಾಯಿತು. ಆದರೂ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ, ಸೈಕಲ್ ಹೇಗಿತ್ತು ಎಂದು ಹಿಂದಿಯಲ್ಲೇ ಕೇಳಿದೆ.

“ಕಾಲಾ ಥಾ ಸಾಬ್. ಡಂಡೇ ಪೇ ಮಾ ಕಾ ನಾಮ್ ಥಾ. ಶಾಂತವ್ವ.”

“ಅಯ್ಯಯ್ಯೋ, ಕೆಟ್ಟೆನಲ್ಲಪ್ಪಾ!” ಎಂಬ ಉದ್ಗಾರ ನನ್ನ ಬಾಯಿಂದ ತಾನಾಗಿ ಹೊರಬಿತ್ತು. ದಂಡದ ಮೇಲಿದ್ದದ್ದು ಅವನ ತಾಯಿಯ ಹೆಸರು. ಆದರೆ ನನಗಿಂತ ಹೆಚ್ಚು ಗಾಬರಿಯಾದವನು ಅವನು.

“ಏನ್ರೀ ಸಾಹೇಬ್ರ, ನೀವು ಕನ್ನಡದವ್ರೇನ್ರೀ? ಹತ್ತು ವರ್ಷ ನಿಮ್ಮ ಅಂಗಿ ತಿಕ್ಕೀನಿ, ಒಂದ್ ಮಾತ್ ಹೇಳ್ಲಿಲ್ಲಲ್ರೀ!”

ವಿಜಯಪುರದ ಕಡೆಯವನು. ಹೆಸರು ಸಿದ್ದಪ್ಪ. ಕಳ್ಳತನ ಒಪ್ಪಿಕೊಳ್ಳುವ ಹೊತ್ತಿನಲ್ಲಿ ಪರಿಚಯವಾಗುವ ಸಂಕಟ ಶತ್ರುವಿಗೂ ಬೇಡ. ಅವನನ್ನು ಬಾಲ್ಕನಿಗೆ ಕರೆದುಕೊಂಡು ಹೋದೆ. ಕಂಬಿಯಲ್ಲಿ ಸುಮಾಳ ಸೀರೆಯ ಪಕ್ಕ ಕೆಂಪು ಚೌಕಟ್ಟು ತೂಗುತ್ತಿತ್ತು. ಅವನು ಹತ್ತಿರ ಹೋಗಿ ದಂಡದ ಮೇಲೆ ಬೆರಳಾಡಿಸಿದ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನಮ್ಮವ್ವನ ಅಕ್ಷರ ಎಲ್ಲಿ ಹೋದ್ವುರೀ?” ಎಂದ, ಮೆಲ್ಲಗೆ. “ವಯಸ್ಸಾದ ಮ್ಯಾಲೆ ಶಾಲಿ ಕಲ್ತಾಳ್ರೀ ಅಕಿ. ಬರೀಲಿಕ್ಕ ಬರೋದು ತನ್ನ ಹೆಸರೊಂದ. ನಾ ಮುಂಬೈಗೆ ಹೊಂಟಾಗ ಸೈಕಲ್ ಕಳೀಬಾರ್ದಂತ ತನ್ನ ಕೈಲೇ ಬರ್ದಿದ್ಳು.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಒಬ್ಬ ತಾಯಿ ಮುದಿ ವಯಸ್ಸಿನಲ್ಲಿ ಕಲಿತ ಮೂರೇ ಮೂರು ಅಕ್ಷರ. ಅದನ್ನು ಕನ್ನಡ ಎಂ.ಎ. ಒಬ್ಬ ಉಜ್ಜಿ ಚಪಾತಿಗೆ ಬೆರೆಸಿಕೊಂಡು ತಿಂದಿದ್ದ. ಆಗ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದ ಸುಮಾ, “ರೀ, ಕೋಳಿ ಫೋಟೋ ಇದೆಯಲ್ಲ!” ಎಂದಳು.

ಜೆರಾಕ್ಸ್ ಅಂಗಡಿಗೆ ಓಡಿ ಆ ಫೋಟೋವನ್ನು ಅಳತೆಗೆ ಸರಿಯಾಗಿ ಮುದ್ರಿಸಿಕೊಂಡು ಬಂದೆ. ಸುಮಾ ಅಕ್ಷರದ ಅಂಚಿಗೆ ಸೂಜಿಯಿಂದ ಚುಚ್ಚಿ, ಕಾಗದವನ್ನು ದಂಡಕ್ಕೆ ಸುತ್ತಿ, ಮೇಲೆ ರಂಗೋಲಿ ಪುಡಿ ಉದುರಿಸಿ ಗುರುತು ಮೂಡಿಸಿದಳು. ಕುಂಚ ಹಿಡಿಯುವ ಹಕ್ಕು ಅಪರಾಧಿಯದೇ ಎಂದು ಇಬ್ಬರೂ ತೀರ್ಮಾನಿಸಿದರು. ಉಸಿರು ಬಿಗಿಹಿಡಿದು ತಿದ್ದಿದೆ. ನೇರವಾಗಿ ಬರೆಯುವುದು ಸುಲಭ. ಇನ್ನೊಬ್ಬರ ಹಾಗೆ ಸೊಟ್ಟಗೆ ಬರೆಯುವುದಿದೆಯಲ್ಲ, ಅದು ಕಷ್ಟ. ಚಕ್ರ ಕೂಡಿಸಲು ಮಾತ್ರ ಸಿದ್ದಪ್ಪ ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ. ಅಂದಹಾಗೆ, ನನ್ನ ಸ್ವಂತ ಸೈಕಲ್ಲು ಶೆಡ್ಡಿನಲ್ಲಿ ಆಚೆ ಕಡೆಯಿಂದ ಮೂರನೆಯದಾಗಿತ್ತು. ಕೀಲಿ ಬೆಣ್ಣೆಯ ಹಾಗೆ ತಿರುಗಿತು.

ಸಂಜೆ ಸಿದ್ದಪ್ಪ ಊರಿಗೆ ವಿಡಿಯೋ ಕಾಲ್ ಮಾಡಿದ. ಪರದೆಯಲ್ಲಿ ಶಾಂತವ್ವನ ಮುಖ ಮೂಡಿತು. ಹಲ್ಲಿಲ್ಲದ ಬಾಯಿ, ಚುರುಕು ಕಣ್ಣು. ಮಗ ಕಳ್ಳತನದ ಸುದ್ದಿಯನ್ನೆಲ್ಲ ನುಂಗಿಕೊಂಡು, “ಅವ್ವಾ, ಸೈಕಲ್ಲಿಗೆ ಬಣ್ಣ ಹೊಡಿಸೀನಿ ನೋಡು, ನಿನ್ನ ಅಕ್ಷರ ಹಂಗ ಇಟ್ಟೀನಿ” ಎಂದು ಫೋನನ್ನು ದಂಡದ ಹತ್ತಿರ ಹಿಡಿದ. ಅವಳು ಬಹಳ ಹೊತ್ತು ನೋಡಿದಳು.

“ಇದು ನಾ ಬರ್ದಿದ್ದಲ್ಲೋ. ನಂದು ಇಷ್ಟು ಸೊಟ್ಟ ಇರ್ಲಿಲ್ಲ. ಯಾರ್ ಬರ್ದಾರ?”

ಸಿದ್ದಪ್ಪ ಫೋನನ್ನು ನನ್ನ ಕಡೆ ತಿರುಗಿಸಿದ. ಇಂಗು ತಿಂದ ಮಂಗನಂತೆ ನಿಂತಿದ್ದ ನನ್ನನ್ನೂ, ನನ್ನ ಕೈಯಲ್ಲಿದ್ದ ಹಳದಿ ಕುಂಚವನ್ನೂ ನೋಡಿದವಳ ದನಿ ಮೆತ್ತಗಾಯಿತು.

“ಹೊಸದಾಗಿ ಕಲೀಲಿಕತ್ತೀರೇನಪ್ಪಾ? ನಾಚ್ಕೋಬ್ಯಾಡ್ರಿ. ದಿನಾ ಬರಕೋತ ಹೋದ್ರ ಕೈ ಕೂಡ್ತೈತಿ.”

“ಆಗಲಿ ಅವ್ವಾ, ಬರೀತೀನಿ” ಎಂದೆ.