ಹೆಸರೊಂದು ಬಿಟ್ಟು ಎಲ್ಲವೂ ಕಡಲು ದಾಟಿತು

ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಾಗ ಹೈದರಾಬಾದಿನ ಗುಮಾಸ್ತರೊಬ್ಬರು ಬಾಗಿಲಿಗೆ ಬಂದರು. ನಮ್ಮವರು ವಾಡಿಯ ಕಾರ್ಖಾನೆಯಲ್ಲಿ ಫಿಟ್ಟರು. ಪಕ್ಕದ ಮನೆಯ ತಿಮ್ಮಪ್ಪನವರೂ ಅಷ್ಟೇ. ಯಂತ್ರ ಕೊಟ್ಟ ವಿಲಾಯಿತಿ ಕಂಪನಿ ಇವರಿಬ್ಬರಲ್ಲಿ ಒಬ್ಬರನ್ನು ಕೆಲಸ ಕಲಿಯಲು ತನ್ನ ದೇಶಕ್ಕೆ ಕರೆಸುವುದಿತ್ತು; ಇಬ್ಬರ ಮನೆಯಲ್ಲೂ ವಿಚಾರಿಸಲು ಬಂದವರು ಅದರ ಗುಮಾಸ್ತರು. ತಿಮ್ಮಪ್ಪನವರ ಮನೆಗೆ ಬೀಗ. ಅವರ ಹೆಂಡತಿ ನಾಗಮ್ಮ ತವರುಮನೆ ಮಳಖೇಡಕ್ಕೆ ಹೋಗಿದ್ದಳು.

“ಅಮ್ಮಾರ, ಅವರ ಕಾನೂನು ಭಾಳ ಬಿಗಿ ಅದರಿ. ಮನೀಯವರ ಒಪ್ಪಿಗಿ ಇಲ್ದ ಯಾರ ಖಾಸಗಿ ಸಂಗತಿನೂ ದೇಶ ದಾಟಂಗಿಲ್ಲ. ಮೊದಲ ಯಜಮಾನ್ರ ಹೆಸರು ಹೇಳ್ರಿ.”

ಗಂಡನ ಹೆಸರೇ? ನಾನೇ? ದೇವರ ಹೆಸರೂ ಅದೇ ಆಗಿರುವುದರಿಂದ, ಮದುವೆಯಾದಂದಿನಿಂದ ‘ಸ್ವಾಮಿ’ ಎಂದಷ್ಟೇ ಕೈಮುಗಿಯುತ್ತಿರುವವಳು ನಾನು!

“ಏಳು ಗುಡ್ಡದ ಮ್ಯಾಲಿನ ದೇವ್ರ ಹೆಸರ್ರಿ,” ಎಂದೆ ಸೆರಗು ಎಳೆದುಕೊಂಡು.

“ತಿಳೀತು ಬಿಡ್ರಿ,” ಎಂದು ಬರೆದುಕೊಂಡರು.

ಮರ್ಯಾದೆ ಉಳಿಯಿತು! ಉಳಿದದ್ದನ್ನು ಮುಚ್ಚಿಡುವುದೇಕೆ? ಪರದೇಶದವರು ಚೆನ್ನಾಗಿ ನೋಡಿಕೊಳ್ಳಲಿ ಎಂದು ಸಕಲಕ್ಕೂ ಒಪ್ಪಿಗೆ ದಯಪಾಲಿಸಿದೆ. ಚಿಂಚೋಳಿ ಬಸ್ಸಿನಲ್ಲಿ ಅವರು ವಾಂತಿ ಮಾಡುವುದು, ಅವರ ಗೊರಕೆ ಕಲ್ಲು ಒಡೆಯುವ ಯಂತ್ರದಂತಿರುವುದು, ರೊಟ್ಟಿ ಇಲ್ಲದಿದ್ದರೆ ಕಣ್ಣಲ್ಲಿ ನೀರು ಬರುವುದು, ಒಂದನ್ನೂ ಬಿಡಲಿಲ್ಲ.

ಕೆಲವು ವಾರಗಳಲ್ಲಿ ಸುದ್ದಿ ಬಂತು. ನಮ್ಮವರೇ ಆಯ್ಕೆ! ಓಣಿಗೆಲ್ಲ ಸಕ್ಕರೆ ಹಂಚಿದೆ. ಬಟ್ಟಲು ಖಾಲಿಯಾಗುವ ಮೊದಲೇ ನಾಗಮ್ಮ ಬಂದಳು.

“ಅಕ್ಕಾ, ನನ್ನ ಗಂಡ ದಿನಾ ಲಾರಿ ಮ್ಯಾಲ ಕಾರ್ಖಾನಿಗಿ ಹೋಗಾಂವ. ಅಂಥವಗ ಬಸ್ಸಿನ್ಯಾಗ ವಾಂತಿ ಆಗ್ತದಂತ ವಿಲಾಯಿತಿಗೆ ಖಬರ್ ಹೋಗ್ಯದ, ಅದಕ್ಕ ಅವನ್ನ ಬಿಟ್ಟಾರಂತ! ಗೊರಕಿನೂ ಹೊಡಿತಾನಂತ! ಯಾರ ಗೊರಕಿ ಅದು?”

ಗೋಡೆಯಾಚೆಯಿಂದ ದಿನವೂ ಆ ಗೊರಕೆ ಕೇಳುವವಳೇ ಅವಳು. ಏಳು ಗುಡ್ಡದ ದೇವರು ತಿಮ್ಮಪ್ಪನೂ ಹೌದಲ್ಲ! ಗುಮಾಸ್ತರು ಬರೆದುಕೊಂಡದ್ದು ಆ ಹೆಸರನ್ನೇ!

ಒಳಗೆ ನಮ್ಮವರು ಹೊಸ ಟ್ರಂಕು ಒರೆಸುತ್ತಿದ್ದರು. ಸುಮ್ಮನಿದ್ದರೆ ವಿಲಾಯಿತಿ ನಮ್ಮದು. ಆದರೆ ಸಂಜೆ ಸ್ವಾಮಿಯ ಮುಂದೆ ದೀಪ ಹಚ್ಚುವವಳು ನಾನೇ ತಾನೆ?

ನಾಗಮ್ಮನ ಕೈ ಹಿಡಿದು ಕಾರ್ಖಾನೆಯ ಆಫೀಸಿಗೆ ನಡೆದೆ. ಸಾಹೇಬರೆಲ್ಲ ಕುಳಿತಿದ್ದರು, ಆ ಗುಮಾಸ್ತರೂ ಇದ್ದರು. ಒಡಪಿಲ್ಲದೆ ಗಂಡನ ಹೆಸರು ಹೇಳುವುದುಂಟೇ? ಕಣ್ಣು ಮುಚ್ಚಿ ಅಲ್ಲೇ ಒಂದು ಕಟ್ಟಿದೆ:

“ಬಿಸಿಬಿಸಿ ರೊಟ್ಟಿಗಿ ಬೆಣ್ಣಿ ಮುದ್ದಿ,
ವೆಂಕಟೇಶರಾಯರ ಹೆಸರ ಬರಕೊಳ್ರಿ ತಿದ್ದಿ!”

ಗುಮಾಸ್ತರ ಪೆನ್ನು ಕೆಳಗೆ ಬಿತ್ತು. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ತಿದ್ದಿದರು. ತಿಮ್ಮಪ್ಪನವರು ವಿಲಾಯಿತಿಗೆ ಹೋದರು!

ನಮ್ಮವರು ಟ್ರಂಕನ್ನು ಅಟ್ಟಕ್ಕೆ ಏರಿಸಿದರು. “ಹೆಸರ ಹೇಳಿದ್ದಕ್ಕ ಸಿಟ್ಟಿಲ್ಲ. ಗೊರಕಿ ಯಾಕ ಹೇಳಿದಿ?”

“ಕಾನೂನಿನ ಪ್ರಕಾರ ಒಪ್ಪಿಗಿ ಕೊಟ್ಟೀನ್ರಿ.”

“ಯಾರ ಗೊರಕಿಗಿ ಯಾರ ಒಪ್ಪಿಗಿ?”

ನಾಗಮ್ಮ ನನ್ನೊಡನೆ ಮಾತು ಬಿಡಲಿಲ್ಲವಲ್ಲ, ಅದು ಸ್ವಾಮಿಯ ದಯೆ. ಜೋಳದ ಹಿಟ್ಟು ನಾದಲು ಕುಳಿತೆ. ರೊಟ್ಟಿ ತಡವಾದರೆ ಅವರ ಕಣ್ಣಲ್ಲಿ ನೀರು ಬರುತ್ತದೆ. ಈಗ ಅದು ವಿಲಾಯಿತಿಗೂ ಗೊತ್ತು!