ಓಯ್ಗೆನ್ ಕೊಟ್ಟ ಎರಡನೇ ಓಟು

ರೋಸ್ವಿಟಾ: ಗೆದ್ದೆ ಗೆದ್ದೆ ಅಂತ ಇನ್ನೊಂದ್ಸಲ ಅಂದ್ರೆ ಈ ಕಾಫಿ ನಿನ್ನ ತಲೆ ಮೇಲೆ!

ಓಯ್ಗೆನ್: ಗೆದ್ದಿದ್ದೀಯಲ್ಲೇ! ಕ್ಷೇತ್ರದಲ್ಲಿ ಎಲ್ಲರಿಗಿಂತ ಜಾಸ್ತಿ ಓಟು ನಿಂಗೇ. ಪೇಪರ್‌ನಲ್ಲಿ ಫೋಟೋ ಬಂದಿದೆ.

ರೋಸ್ವಿಟಾ: ಫೋಟೋ ಬಂತು, ಸೀಟು ಬರ್ಲಿಲ್ಲ.

ಸೋಮವಾರ ಬೆಳಿಗ್ಗೆ, ಜರ್ಮನಿಯ ಶ್ವಾಬಿಯಾ ಪ್ರದೇಶದ ಸಣ್ಣ ಊರೊಂದರ ಅಡುಗೆಮನೆ. ಔಷಧಿ ಅಂಗಡಿಯ ರೋಸ್ವಿಟಾ ಸಂಸತ್ತಿನ ಚುನಾವಣೆಗೆ ನಿಂತಿದ್ದಳು. ನಿನ್ನೆ ಮತದಾನ ಮುಗಿದಿತ್ತು. ಅವಳ ಗಂಡ ಓಯ್ಗೆನ್ ಬ್ರೆಟ್ಸೆಲ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

ಓಯ್ಗೆನ್: ಗೆದ್ದವಳನ್ನ ಮನೇಲಿ ಕೂರ್ಸೋದು ಯಾವ ಸೀಮೆ ನ್ಯಾಯ?

ರೋಸ್ವಿಟಾ: ರಾಜ್ಯದಲ್ಲಿ ನಮ್ಮ ಪಕ್ಷದವರು ಹತ್ತು ಕ್ಷೇತ್ರ ಗೆದ್ವಿ. ಎರಡನೇ ಓಟಿನ ಲೆಕ್ಕದಲ್ಲಿ ಪಕ್ಷಕ್ಕೆ ಸಿಕ್ಕಿದ್ದು ಒಂಬತ್ತೇ ಸೀಟು. ಗೆದ್ದ ಹತ್ತು ಜನರಲ್ಲಿ ಎಲ್ಲರಿಗಿಂತ ಕಡಿಮೆ ಶೇಕಡಾ ಓಟು ನಂದು. ನಾನು ಹೊರಗೆ.

ಓಯ್ಗೆನ್: ಎರಡನೇ ಓಟಾ? ಅದು ಸುಮ್ನೆ ಸಮಾಧಾನಕ್ಕೆ ಹಾಕೋದಲ್ವಾ?

ರೋಸ್ವಿಟಾ: ಅಯ್ಯೋ ಬುದ್ಧಿವಂತ! ಓಟಿನ ಚೀಟೀಲಿ ಎಡಗಡೆ ಮೊದಲನೇ ಓಟು ಮನುಷ್ಯರಿಗೆ, ಬಲಗಡೆ ಎರಡನೇದು ಪಕ್ಷಕ್ಕೆ. ಯಾವ ಪಕ್ಷಕ್ಕೆ ಎಷ್ಟು ಸೀಟು ಅಂತ ತೀರ್ಮಾನ ಆಗೋದೇ ಬಲಗಡೆ ಓಟಿಂದ. ಮೂವತ್ತು ವರ್ಷ ಓಟು ಹಾಕಿ ಇದೇನಾ ನೀನು ಕಲ್ತಿದ್ದು?

ಓಯ್ಗೆನ್‌ನ ಕೈಯಲ್ಲಿದ್ದ ಚಾಕು ನಿಂತಿತು.

ರೋಸ್ವಿಟಾ: ಬಲಗಡೆ ಯಾರಿಗೆ ಹಾಕಿದೆ?

ಓಯ್ಗೆನ್: ತೋಟಗಾರರ ಪಕ್ಷಕ್ಕೆ.

ರೋಸ್ವಿಟಾ: ನಾವಿರೋದು ಮೂರನೇ ಮಹಡೀಲಿ! ಒಂದು ಹೂವಿನ ಕುಂಡ ಕೂಡ ಇಲ್ಲ!

ಓಯ್ಗೆನ್: ಎಲ್ಲಾ ನಿನಗೋಸ್ಕರಾನೇ. ಹಾಡಿನ ಸಂಘದ ಹಾರ್ಟ್‌ಮುಟ್ ಆ ಪಕ್ಷದಿಂದ ನಿನ್ನೆದುರು ನಿಂತಿದ್ನಲ್ಲ, ಅವನ ಜೊತೆ ಒಪ್ಪಂದ ಮಾಡ್ಕೊಂಡೆ. ಅವರ ಮೊದಲನೇ ಓಟು ನಿನಗೆ, ನಮ್ಮವರ ಎರಡನೇದು ಅವರಿಗೆ. ಒಂದನೇದು ತಗೊಂಡು ಎರಡನೇದು ಕೊಟ್ರೆ ನಷ್ಟ ಎಲ್ಲಿ?

ರೋಸ್ವಿಟಾ: ನಮ್ಮವರು ಅಂದ್ರೆ?

ಓಯ್ಗೆನ್: ಗುರಿ ಹೊಡೆಯೋ ಬಂದೂಕು ಸಂಘ.

ರೋಸ್ವಿಟಾ: ಅಷ್ಟೇನಾ?

ಓಯ್ಗೆನ್: ಬೆಂಕಿ ಆರಿಸೋ ದಳ.

ರೋಸ್ವಿಟಾ: ಓಯ್ಗೆನ್!

ಓಯ್ಗೆನ್: ಸುತ್ತಲಿನ ಹನ್ನೊಂದು ಊರಿನವ್ರೂ. ಸೈಕಲ್ ತುಳಿದು ತುಳಿದು ಮೊಣಕಾಲು ಇನ್ನೂ ನೋಯ್ತಿದೆ ಕಣೇ.

ರೋಸ್ವಿಟಾ: ಹತ್ತನೇ ಸೀಟಿಗೆ ಕಡಿಮೆ ಬಿದ್ದಿದ್ದು ನಾನೂರು ಎರಡನೇ ಓಟು! ಒಂದು ವರ್ಷ ಮನೆಮನೆ ಬಾಗಿಲು ತಟ್ಟಿದೆ ನಾನು. ನನ್ನ ಹಿಂದೇನೇ ಬಂದು ಎಲ್ಲಾನೂ ಗುಡಿಸಿಕೊಂಡು ಹೋಗಿದ್ದೀಯ ನೀನು!

ಕರೆಗಂಟೆ ಸದ್ದಾಯಿತು. ಹಾರ್ಟ್‌ಮುಟ್ ಹೂಗುಚ್ಛ ಹಿಡಿದು ನಿಂತಿದ್ದ.

ಹಾರ್ಟ್‌ಮುಟ್: ಬೇಜಾರಾಯ್ತು, ರೋಸ್ವಿಟಾ. ಗೆದ್ದೂ ಹೀಗಾಗಬಾರದಿತ್ತು. ಆದ್ರೆ ನನ್ನದೊಂದು ಸುದ್ದಿ ಇದೆ. ಪಕ್ಷಕ್ಕೆ ಸಿಕ್ಕ ಸೀಟು ಹಂಚೋ ಪಟ್ಟಿಯಲ್ಲಿ ನಂದು ಆರನೇ ಹೆಸರು. ನಿನ್ನೆ ರಾತ್ರಿ ಐದು ಸೀಟು ಅಂದಿದ್ರು, ಬೆಳಿಗ್ಗೆ ಆರು ಸೀಟಾಯ್ತು. ಬರ್ಲಿನ್‌ಗೆ, ಸಂಸತ್ತಿಗೆ ಹೊರಟೆ!

ರೋಸ್ವಿಟಾ: ಕ್ಷೇತ್ರದಲ್ಲಿ ನೀನು ಎಷ್ಟನೇ ಸ್ಥಾನ?

ಹಾರ್ಟ್‌ಮುಟ್: ಏಳನೇದು. ನನ್ನ ಹೆಂಡ್ತೀನೂ ನಿನಗೇ ಹಾಕಿದ್ಲು. ಕೊಟ್ಟ ಮಾತು ತಪ್ಪೋರಲ್ಲ ನಾವು. ಅಂದಹಾಗೆ, ಅಲ್ಲಿ ನನ್ನ ಕಚೇರಿಗೆ ಒಬ್ಬರು ಬೇಕು. ನಿನಗೆ ಅನುಭವ ಇದೆ, ಬರ್ತೀಯಾ?

ರೋಸ್ವಿಟಾ ಹೂಗುಚ್ಛ ತೆಗೆದುಕೊಂಡು ಗಂಡನ ಕೈಗಿಟ್ಟಳು.

ರೋಸ್ವಿಟಾ: ಇವನನ್ನ ಕರ್ಕೊಂಡು ಹೋಗು. ನಿಮ್ಮ ಪಕ್ಷಕ್ಕೆ ಇವನಷ್ಟು ದುಡಿದವರು ಈ ಜಿಲ್ಲೇಲೇ ಇನ್ನೊಬ್ಬರಿಲ್ಲ.