ಕಣ್ಣು ಪರೀಕ್ಷೆಯ ಹಲಗೆಯೂ ಹನ್ನೊಂದು ಸಂಪುಟಗಳೂ

ನನಗೆ ಬೇಕಾಗಿದ್ದುದು ಒಂದು ಚಿಟಿಕೆ ಉಪ್ಪು. ಮೂರು ಸಲ ಕೇಳಿದೆ. ಮೂರು ಸಲವೂ ನನ್ನ ಮನವಿ ಊಟದ ಮೇಜಿನ ಅರ್ಧ ದಾರಿಯಲ್ಲೇ ಬಿದ್ದುಹೋಯಿತು. ಮೇಜಿನ ಆಚೆ ಬದಿಯಲ್ಲಿ ನನ್ನ ಹೆಂಡತಿಯೂ ಮಗಳೂ ಯಾವನೋ ರಾಜಕುಮಾರನ ಶೋಕಾಚರಣೆಯಲ್ಲಿ ಮುಳುಗಿದ್ದರು.

“ಅವನು ಸತ್ತಿಲ್ಲಮ್ಮ. ಹೆಣ ತೋರಿಸಲೇ ಇಲ್ವಲ್ಲ!” ಎಂದಳು ಮಗಳು.

“ಬರೀ ಕುದುರೆ ವಾಪಸ್ ಬಂತಲ್ಲೇ...” ಎಂದು ಇವಳು ಕಣ್ಣೊರೆಸಿಕೊಂಡಳು. (ನಾನು ಹಲ್ಲು ಕೀಳಿಸಿಕೊಂಡ ದಿನ ಈ ಕಣ್ಣು ಒದ್ದೆಯಾಗಿರಲಿಲ್ಲ.)

“ಯಾರು ಸತ್ತಿದ್ದು?” ಎಂದು ಕೇಳಿದೆ. ಇಬ್ಬರೂ ನನ್ನನ್ನು ಯಾರೋ ಬಾಡಿಗೆ ಮನೆ ವಿಚಾರಿಸಲು ಬಂದವನೇನೋ ಎಂಬಂತೆ ನೋಡಿದರು.

“ಬಿಡಿ, ನಿಮಗೆ ಅದೆಲ್ಲ ಅರ್ಥ ಆಗಲ್ಲ” ಎಂದಳು ಇವಳು. ಉಪ್ಪು ಬರಲೇ ಇಲ್ಲ.

ಇವಳು ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ನಾಲ್ಕು ತಿಂಗಳ ಹಿಂದೆ ಅಲ್ಲಿಂದ ಒಂದು ಮಹಾಗ್ರಂಥಮಾಲೆಯ ಮೊದಲ ಸಂಪುಟ ನಮ್ಮ ಮನೆಗೆ ಪಾದ ಬೆಳೆಸಿತು. ಒಟ್ಟು ಹನ್ನೊಂದು ಸಂಪುಟ. ಒಂದೊಂದೂ ಬಾಗಿಲಿಗೆ ಅಡ್ಡ ಇಟ್ಟರೆ ಬಿರುಗಾಳಿಗೂ ಜಗ್ಗದಷ್ಟು ದಪ್ಪ. ಏಳು ರಾಜ್ಯ, ಒಂಬತ್ತು ಯುದ್ಧ, ಮಾಟ, ಮಂತ್ರ, ಡ್ರ್ಯಾಗನ್, ನಾನೂರಕ್ಕೂ ಮಿಕ್ಕಿ ಪಾತ್ರಗಳು. ಅಂದಿನಿಂದ ತಾಯಿ ಮಗಳಿಗೆ ಬೇರೆ ಮಾತಿಲ್ಲ. ನಗಬೇಡಿ. ಹದಿನಾಲ್ಕರ ಮಗಳು ದಿನಕ್ಕೆ ಒಂದು ಗಂಟೆ ಬಾಯಿ ಬಿಡುತ್ತಾಳೆ, ಅದೂ ಊಟದ ಹೊತ್ತಿನಲ್ಲಿ. ಆ ಒಂದು ಗಂಟೆಯಲ್ಲಿ ಅಪ್ಪನ ಪಾಲಿಗೆ ಒಂದು ಮಾತೂ ಇಲ್ಲವೆಂದರೆ ಹೊಟ್ಟೆ ಉರಿಯುತ್ತದೆ. ನನ್ನ ಮನೆಯ ಮೇಜಿನಲ್ಲಿ ನಾನೇ ಪರದೇಶಿ.

ಆದ್ದರಿಂದ ಒಂದು ಘನಘೋರ ನಿರ್ಧಾರ ಕೈಗೊಂಡೆ. ನಾನೂ ಓದುವುದು, ಗುಟ್ಟಾಗಿ! ಒಂದು ದಿನ ಊಟದ ಮಧ್ಯೆ, ಏನೂ ಗೊತ್ತಿಲ್ಲದವನ ಹಾಗೆ, “ಆ ಸೇನಾಪತಿಯನ್ನು ನಂಬಬಾರದಿತ್ತು ನೋಡು” ಎಂದು ಒಂದು ಮಾತು ಎಸೆಯುವುದು. ಮಗಳ ಕೈಯಿಂದ ಲೋಟ ಜಾರುತ್ತದೆ. ಉಪ್ಪು ತಾನಾಗಿ ನನ್ನ ಬಳಿಗೆ ಬರುತ್ತದೆ.

ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುತ್ತೇನೆ, ಕನ್ನಡಕ ಮಾಡಿಕೊಡುತ್ತೇನೆ. ಗಿರಾಕಿಗಳಿಲ್ಲದ ಹೊತ್ತೇ ಹೆಚ್ಚಾದ್ದರಿಂದ ಓದಲು ಪ್ರಶಸ್ತ ಸ್ಥಳ. ಅವರಿಬ್ಬರೂ ಓದಿ ಮುಗಿಸಿದ ಸಂಪುಟಗಳನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತಿ ಅಂಗಡಿಗೆ ಸಾಗಿಸಿದೆ.

ಅಯ್ಯೋ, ಆ ಹೆಸರುಗಳು! ಒಂದನ್ನು ಗಟ್ಟಿಯಾಗಿ ಉಚ್ಚರಿಸಿದೆ. ಪಕ್ಕದ ಅಂಗಡಿಯ ಚಪ್ಪಲಿ ವ್ಯಾಪಾರಿ ಓಡಿಬಂದು ನೀರು ಕೊಟ್ಟ. ರಾಜನಿಗೆ ನಾಲ್ಕು ಗಂಡುಮಕ್ಕಳು, ಅವರಲ್ಲಿ ಮೂವರಿಗೆ ತಾತನ ಹೆಸರೇ. ಪ್ರತಿಯೊಬ್ಬನಿಗೂ ಒಂದು ಬಿರುದು, ಒಂದು ಅಡ್ಡಹೆಸರು, ಜೊತೆಗೆ ಶತ್ರುಗಳು ಕರೆಯುವ ಹೆಸರು ಬೇರೆ. ಸಾಲದ್ದಕ್ಕೆ ಕುದುರೆಗೆ ಹೆಸರು, ಕತ್ತಿಗೆ ಹೆಸರು. ಹತ್ತು ಪುಟ ಒಬ್ಬ ವೀರನಿಗಾಗಿ ಮರುಗಿದೆ. ಹನ್ನೊಂದನೆಯ ಪುಟದಲ್ಲಿ ಅವನನ್ನು ಸಾಣೆ ಹಿಡಿದು ಒರೆಗೆ ಸೇರಿಸಿದರು. ಅವನು ಕತ್ತಿಯಂತೆ!

ಇನ್ನೂರು ಪುಟಕ್ಕೆ ತಲೆ ಕೆಟ್ಟು ಗೊಬ್ಬರವಾಯಿತು. ಆಗಲೇ ಹೊಳೆದದ್ದು ಆ ಅದ್ಭುತ ಉಪಾಯ. ಈ ಹಾಳು ಹೆಸರುಗಳ ಗೊಡವೆಯೇ ಬೇಡ, ಒಂದೊಂದು ಪಾತ್ರಕ್ಕೆ ನಮ್ಮ ನೆಂಟರಿಷ್ಟರಲ್ಲೇ ಒಬ್ಬರನ್ನು ನೇಮಿಸಿಬಿಟ್ಟರಾಯಿತು! ಹಣಕ್ಕಾಗಿ ಕೋಟೆ ಬಿಟ್ಟುಕೊಟ್ಟವನು ನನ್ನ ಭಾವಮೈದ. ಬೆಂಕಿಯುಗುಳುವ ಡ್ರ್ಯಾಗನ್ ಎಂದರೆ ಅಂಗಡಿ ಬಾಡಿಗೆ ವಸೂಲಿಗೆ ಬರುವ ಕಟ್ಟಡದ ಮಾಲೀಕ. ಕಥೆಗೆಲ್ಲ ಮೂಲವಾದ ಮಹಾರಾಣಿ ಒಬ್ಬಳಿದ್ದಾಳೆ. ಅವಳು ಸಭೆಗೆ ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಯಾರನ್ನು ಕಂಡರೂ ಮೊದಲು ಅವರ ಉಗುರು ನೋಡುತ್ತಾಳೆ, ಆಮೇಲೆ ಮುಖ. ಅವಳ ಜಾಗಕ್ಕೆ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ನಮ್ಮತ್ತೆ ಮೂವತ್ತೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಗಂಡು ನೋಡಲು ಬಂದ ದಿನ ಮೊದಲು ನೋಡಿದ್ದು ನನ್ನ ಉಗುರನ್ನು. (ಹೆತ್ತ ತಾಯಿಯನ್ನು ಮಾತ್ರ ನಾನು ಎಲ್ಲೂ ಸೇರಿಸಲಿಲ್ಲ. ಎರಡು ಬೀದಿಯಾಚೆ ಅಣ್ಣನ ಮನೆಯಲ್ಲಿ ನೆಮ್ಮದಿಯಾಗಿರುವ ಅಮ್ಮನನ್ನು ವಿಷ, ಬೆಂಕಿ, ಯುದ್ಧದ ನಡುವೆ ಯಾಕೆ ಎಳೆಯುವುದು?)

ಇದನ್ನೆಲ್ಲ ಬರೆಯಲು ಒಂದು ಜಾಗ ಬೇಕಲ್ಲ? ಕಣ್ಣು ಪರೀಕ್ಷೆಗೆ ಗೋಡೆಯಲ್ಲಿ ನೇತುಹಾಕಿದ ಅಕ್ಷರದ ಹಲಗೆಯ ಹಿಂಬದಿ ಖಾಲಿ ಇತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಮೇಲೆ ದೊಡ್ಡಕ್ಷರ ಬರೆದು ಕೆಳಗೆ ಬರುತ್ತ ಬರುತ್ತ ಸಣ್ಣದಾಯಿತು. ಮೇಲಿನ ಐದು ಸಾಲು ಮಹಾರಾಣಿಗೆ. ಉಳಿದ ಹತ್ತೊಂಬತ್ತು ಮಂದಿ ಕೆಳಗೆ ಇರುವೆಸಾಲಿನಲ್ಲಿ. ಗಿರಾಕಿ ಬಂದರೆ ಹಲಗೆಯನ್ನು ಅಕ್ಷರದ ಬದಿಗೆ ತಿರುಗಿಸುವುದು, ಹೋದಮೇಲೆ ರಾಜ್ಯಗಳ ಬದಿಗೆ. ಹೀಗೆ ಐದು ವಾರದಲ್ಲಿ ನಾಲ್ಕು ಸಂಪುಟ ಮುಗಿಸಿದೆ. ಇನ್ನೇನು, ಬರುವ ಭಾನುವಾರ ಮೇಜಿನ ಮೇಲೆ ಮಾತು ಎಸೆಯುವುದೊಂದೇ ಬಾಕಿ.

ಶುಕ್ರವಾರ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅತ್ತೆ! ಬೆಳಗಿನ ಬಸ್ಸು ಹಿಡಿದು ನೇರ ಅಂಗಡಿಗೇ ಬಂದಿದ್ದರು. ನಾನು ಥಟ್ಟನೆ ಎದ್ದು ನಿಂತೆ. ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಹಿಂದೆ ತುರುಕಿದೆ.

“ಪೇಪರಿನ ದೊಡ್ಡಕ್ಷರವೂ ಕಾಣ್ತಿಲ್ಲ ಅಳಿಯಂದಿರೇ. ಕನ್ನಡಕ ಬದಲಾಯಿಸಬೇಕು” ಎಂದು ಕುರ್ಚಿಯಲ್ಲಿ ಕೂತರು.

ಪರೀಕ್ಷೆಯ ಚೌಕಟ್ಟನ್ನು ಅವರ ಮೂಗಿನ ಮೇಲೆ ಇಟ್ಟು, ಎಡಗಣ್ಣಿಗೆ ಮುಚ್ಚಳ ಹಾಕಿ, ಬಲಗಣ್ಣಿಗೆ ಗಾಜು ಹಾಕಿದೆ. ನನಗೆ ಹಲಗೆ ಬಾಯಿಪಾಠ. ಹಾಗಾಗಿ ಅದರ ಕಡೆಗೆ ಬೆನ್ನು ಹಾಕಿಯೇ ನಿಂತಿರುತ್ತೇನೆ.

“ಮೊದಲನೇ ಸಾಲು ಓದಿ ಅತ್ತೆ.”

“ಅತ್ತೆ.”

“ಹೂಂ, ಓದಿ ಅತ್ತೆ.”

“ಓದಿದ್ನಲ್ಲ, ಅತ್ತೆ.”

ಪಾಪ, ವಯಸ್ಸಾಯಿತು ಎಂದುಕೊಂಡು ಇನ್ನೊಂದು ಗಾಜು ಹಾಕಿದೆ. “ಈಗ ಎರಡನೇದು?”

“ವಿಷದ ರಾಣಿ.”

ನನ್ನ ಹಲಗೆಯ ಎರಡನೇ ಸಾಲು ‘ಗ ಪ ಸ’. ತಿರುಗಿ ನೋಡಿದೆ, ಹಲಗೆ ರಾಜ್ಯಗಳ ಬದಿಗೇ ಇತ್ತು.

“ಮೂರನೇ ಸಾಲು, ‘ಮೂರು ರಾಜರನ್ನು ಮುಗಿಸಿದವಳು’. ಅದರ ಕೆಳಗೆ, ‘ನಾಲ್ಕನೇ ಸಂಪುಟದಲ್ಲಿ ಡ್ರ್ಯಾಗನ್ ನುಂಗುತ್ತದೆ’.”

“ಸಾಕು ಅತ್ತೆ, ಕಣ್ಣು ತುಂಬಾ ಚೆನ್ನಾಗಿದೆ!”

“ಸುಮ್ನಿರಿ. ಇನ್ನೊಂದು ಸಾಲಿದೆ. ಆವರಣದೊಳಗೆ ಬರೆದಿದ್ದೀರಿ. ‘ಅಬ್ಬ, ಪೀಡೆ ತೊಲಗಿತು’. ಆಶ್ಚರ್ಯಸೂಚಕ ಚಿಹ್ನೆ ಎರಡು.” ಅತ್ತೆ ಚೌಕಟ್ಟು ತೆಗೆದು ನನ್ನ ಕೈಗಿಟ್ಟರು. “ಒಂದು ಸಾಕಿತ್ತು.”

ಭೂಮಿ ಬಾಯಿ ಬಿಡಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಪುಸ್ತಕ ತೆಗೆದು, ಇದು ಕಥೆ ಅತ್ತೆ, ಇದು ಪಾತ್ರ ಅತ್ತೆ, ಇದು ನೆನಪಿಗಾಗಿ ಅತ್ತೆ ಎಂದು ಗೋಗರೆದೆ. ಕಾಲು ಹಿಡಿಯುವುದೊಂದು ಬಾಕಿ. ಅವರು ಹಲಗೆಯನ್ನು ಗೋಡೆಯಿಂದ ಇಳಿಸಿ, ಶಾಲೆಯ ಹಾಜರಿ ಪುಸ್ತಕದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆ ಕಡೆ ನಡೆದರು. ಅಂಗಡಿಯಲ್ಲಿ ಹಲಗೆಯಿಲ್ಲದೆ ನಾನು ಮಾಡುವುದೇನಿದೆ? ಬಾಗಿಲೆಳೆದು ಹಿಂದೆಯೇ ಹೋದೆ.

ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಹಲಗೆಯನ್ನು ಒರಗಿಸಿದ್ದರು. ಒಂದು ಬದಿಯಲ್ಲಿ ಮೂವರು ನ್ಯಾಯಾಧೀಶರು. ಇನ್ನೊಂದು ಬದಿಯಲ್ಲಿ ನಾನು.

“ನಮ್ಮಮ್ಮನಿಗೆ ಪೀಡೆ ಅಂತೀರೇನ್ರಿ? ಅದೂ ಗೋಡೆ ಮೇಲೆ?” ಇವಳು ಶುರು ಮಾಡಿದಳು.

“ಹಿಂಬದಿಯಲ್ಲಿ ಕಣೇ...”

“ಇರಮ್ಮ” ಎಂದು ಮಗಳು ಹಲಗೆಗೆ ಮೂಗು ತಾಗಿಸಿದಳು. “ಅಪ್ಪ, ನೀನು ಇದನ್ನೆಲ್ಲ ಓದಿದ್ಯಾ? ನಿಜವಾಗ್ಲೂ? ನಾಲ್ಕು ಸಂಪುಟ?”

ಅವಳ ಕಣ್ಣು ಹೊಳೆಯುತ್ತಿತ್ತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳು ಮೇಜಿನಾಚೆಯಿಂದ ನನ್ನನ್ನು ನೋಡಿ ಮಾತಾಡಿದ್ದಳು. ಇದಕ್ಕಾಗಿಯೇ ಅಲ್ಲವೇ ನಾನು ಇಷ್ಟೆಲ್ಲ ಪಾಡು ಪಟ್ಟದ್ದು? ಐದು ವಾರದಿಂದ ಕಾಪಾಡಿಕೊಂಡು ಬಂದ ಮಾತನ್ನು ಎಸೆದೇಬಿಟ್ಟೆ. “ಆ ಸೇನಾಪತಿಯನ್ನು ನಂಬಬಾರದಿತ್ತು ನೋಡು.”

“ಅಯ್ಯೋ ಅಪ್ಪ! ಅವನೇ ಒಳ್ಳೆಯವನು, ಆರನೇದ್ರಲ್ಲಿ ಗೊತ್ತಾಗತ್ತೆ. ಮಹಾರಾಣಿನೂ ಸಾಯಲ್ಲ. ಏಳನೇದ್ರಲ್ಲಿ ಡ್ರ್ಯಾಗನ್ ಹೊಟ್ಟೆ ಸೀಳ್ಕೊಂಡು ಹೊರಗೆ ಬರ್ತಾಳೆ. ಹನ್ನೊಂದ್ರಲ್ಲಿ ಏಳು ರಾಜ್ಯಕ್ಕೂ ಅವಳೇ ಒಡತಿ.”

ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. “ಹಾಗೋ?”

“ಹೂಂ ಅಜ್ಜಿ. ವಿಷ ಹಾಕಿದ್ದೂ ದೇಶಕ್ಕೆ ಒಳ್ಳೇದಾಗ್ಲಿ ಅಂತ.”

“ಅದೇ ನೋಡು” ಎಂದರು ಅತ್ತೆ. “ಅರ್ಧ ಓದಿ ಉತ್ತರ ಬರೆಯೋರ ಹಣೆಬರಹವೇ ಇಷ್ಟು. ಎಲ್ಲಿ, ಮೊದಲನೇ ಸಂಪುಟ ಕೊಡು.”

ಒಂದು ದಿನಕ್ಕೆ ಬಂದ ಅತ್ತೆ ಹನ್ನೊಂದನೇ ಸಂಪುಟ ಮುಗಿಯುವವರೆಗೆ ಇರುವುದೆಂದು ತೀರ್ಮಾನವಾಯಿತು. ಹೊಸ ಕನ್ನಡಕವನ್ನು ನಾನೇ ಮಾಡಿಕೊಟ್ಟೆ. (ನನ್ನ ಬುದ್ಧಿಗೆ ಏನು ಹೇಳುವುದು!) ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು ಅದು, ವಾರಕ್ಕೆರಡು ಸಂಪುಟ ನುಂಗುತ್ತಿತ್ತು. ಮೂರನೇ ವಾರದಲ್ಲಿ ನನ್ನನ್ನು ದಾಟಿ ಮುಂದೆ ಹೋದರು. ಈಗ ಮೇಜಿನ ಆಚೆ ಇಬ್ಬರಲ್ಲ, ಮೂವರು. ನಾನು ಬಾಯಿ ತೆಗೆದರೆ ಸಾಕು, “ನೀವಿನ್ನೂ ಐದರಲ್ಲಿದ್ದೀರಿ, ಕಥೆ ಹಾಳು ಮಾಡ್ಕೋಬೇಡಿ, ಆಚೆ ಹೋಗಿ” ಎಂದು ಮೂವರೂ ನನ್ನ ಒಳಿತಿಗಾಗಿಯೇ ತಟ್ಟೆ ಸಮೇತ ನನ್ನನ್ನು ಹಜಾರಕ್ಕೆ ಕಳಿಸುತ್ತಾರೆ. ಉಪ್ಪು ಕೇಳಲು ಈಗ ಮೇಜೂ ಇಲ್ಲ.

ನಿನ್ನೆ ಸಂಜೆ ಹಜಾರದಲ್ಲಿ ಒಂಟಿಯಾಗಿ ಕೂತಿದ್ದಾಗ ಹಲಗೆ ಕಣ್ಣಿಗೆ ಬಿತ್ತು. (ಅಂಗಡಿಗೆ ಬೇರೆ ತರಿಸಿಕೊಂಡಿದ್ದೇನೆ. ಇದು ಈಗ ಮನೆಯ ಆಸ್ತಿ.) ತಪ್ಪುಗಳನ್ನೆಲ್ಲ ಅತ್ತೆ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ತೀರಾ ತಳದಲ್ಲಿ, ನನ್ನ ಹತ್ತೊಂಬತ್ತು ಮಂದಿಯ ಕೆಳಗೆ, ಮಗಳ ಅಕ್ಷರದಲ್ಲಿ ಹೊಸದೊಂದು ಸಾಲು ಇತ್ತು. ಎಷ್ಟು ಸಣ್ಣದೆಂದರೆ ಊರಿಗೆಲ್ಲ ಕನ್ನಡಕ ಹಾಕುವ ನನಗೇ ಓದಲಾಗಲಿಲ್ಲ. ಅತ್ತೆಯ ಕನ್ನಡಕ ಅಲ್ಲೇ ಇತ್ತು. ಹಾಕಿಕೊಂಡು ಬಗ್ಗಿದೆ.

‘ಅಪ್ಪ: ಕೋಟೆಯ ಬಾಗಿಲು ಕಾಯುವವನು. ಸಂಪುಟ ಒಂದು, ಪುಟ ಹನ್ನೆರಡು. ಬಾಗಿಲು ತೆರೆಯುತ್ತಾನೆ, ಬಾಗಿಲು ಹಾಕುತ್ತಾನೆ. ಮುಂದೆ ಇವನ ಸುದ್ದಿಯಿಲ್ಲ.’

ನಾನೂರು ಪಾತ್ರಗಳಲ್ಲಿ ಒಬ್ಬ ಸೇನಾಪತಿ ಬೇಡ, ಒಂದು ಕತ್ತಿಯಾದರೂ ಸಿಗಲಿಲ್ಲವೇ ಮಗಳಿಗೆ? ಕತ್ತಿಗಾದರೂ ಹೆಸರಿತ್ತು! ಕೇಳಿಯೇಬಿಡೋಣ ಎಂದು ಎದ್ದೆ. ಅಷ್ಟರಲ್ಲಿ ಕರೆಗಂಟೆ ಬಡಿಯಿತು. ಒಳಗಿನಿಂದ ಮೂವರೂ ಒಟ್ಟಿಗೆ ಕೂಗಿದರು. “ಯಾರೋ ಬಂದ್ರು ನೋಡಿ!”

ಹೊರಗೆ ಅಮ್ಮ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದುಕೊಂಡು.

“ಬೀಗಿತ್ತಿಗೆ ದೊಡ್ಡಕ್ಷರದಲ್ಲಿ ಮೊದಲನೇ ಸಾಲಂತೆ, ಹೆತ್ತವಳು ಇಪ್ಪತ್ತು ಜನರಲ್ಲೂ ಎಲ್ಲೂ ಇಲ್ವಂತೆ. ಹೌದೇನೋ?” ಎಂದಳು. “ಸರಿ ಬಿಡು, ನಿನ್ನ ಹತ್ರ ಏನು ಮಾತು. ಮೊದಲನೇ ಸಂಪುಟ ಎಲ್ಲಿದೆ?”

ನಾನು ಬಾಗಿಲನ್ನು ಪೂರ್ತಿ ತೆರೆದೆ. ಅಮ್ಮ ನನ್ನನ್ನು ದಾಟಿ, ನೇರ ಊಟದ ಮೇಜಿನ ಕಡೆಗೆ ಹೋದಳು. ನಾನು ಬಾಗಿಲು ಹಾಕಿದೆ.